ಕಾರಿನ ಗುಂಯ್ ಸದ್ದಿಗೆ ತುದಿ ಮುಚ್ಚಿದ ಒಂದು ಪೈಪು

ಕಂಪನಿಯ ಸೈಲೆನ್ಸರ್ ತೆಗೆಸಿ ಕಾರಿಗೆ ಹೊರಗೆ ಸಿಗುವ ಸೈಲೆನ್ಸರ್ ಹಾಕಿಸಿದವರ ಕತೆ ಹೆಚ್ಚುಕಮ್ಮಿ ಒಂದೇ. ಮೊದಲ ವಾರ ಖುಷಿಯೋ ಖುಷಿ. ಸ್ಟಾರ್ಟ್ ಮಾಡಿದರೆ ಗತ್ತಿನ ಸದ್ದು, ಕಾಲೊತ್ತಿದರೆ ಇನ್ನೂ ಗತ್ತು. ಆಮೇಲೊಂದು ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ತುಮಕೂರು ದಾಟಿ ಚಿತ್ರದುರ್ಗದ ಕಡೆ ಹೊರಡುತ್ತಾರೆ. ಟಾಪ್ ಗೇರ್, ನೂರರ ವೇಗ, ಕಾಲು ಒಂದೇ ಸಮ. ಆಗ ಕಾರಿನೊಳಗೆ ‘ಗುಂಯ್’ ಅಂತ ಶುರುವಾಗುತ್ತದೆ. ಕಿರುಚುವ ಸದ್ದಲ್ಲ. ಕಿವಿ ಕಟ್ಟಿದ ಹಾಗಾಗುತ್ತದೆ, ಮಾತು ಬೇಡ ಅನ್ನಿಸುತ್ತದೆ. ಹಿರಿಯೂರು ಬರುವಷ್ಟರಲ್ಲಿ ಹಿಂದಿನ ಸೀಟಿನವರಿಗೆ ತಲೆನೋವು. ವೇಗ 85ಕ್ಕೆ ಇಳಿಸಿದರೆ ಸದ್ದು ಮಾಯ. ನೂರಕ್ಕೆ ಬಂದರೆ ಮತ್ತೆ ಹಾಜರ್.

ಗ್ಯಾರೇಜುಗಳಲ್ಲಿ ಇದಕ್ಕೆ ಡ್ರೋನ್ ಅಂತಾರೆ. ಒಂದು ವೇಗದಲ್ಲಿ ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ ಅನ್ನುವುದನ್ನು ಗಮನಿಸಿ. ಇಲ್ಲಿ ತೊಂದರೆ ಸದ್ದು ಜಾಸ್ತಿ ಆದದ್ದಲ್ಲ. ಒಂದೇ ಒಂದು ಸ್ವರ ಅತಿಯಾಗಿ ಬೆಳೆದದ್ದು. ಸದ್ದು ಜಾಸ್ತಿಯಾಗಿದೆ ಅಂತ ತಿಳಿದವರು ಇನ್ನೊಂದು ಸೈಲೆನ್ಸರ್ ಸೇರಿಸುತ್ತಾರೆ, ಡಿಕ್ಕಿ ತುಂಬ ಅದುರಾಟ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸುತ್ತಾರೆ, ದುಡ್ಡು ಕಳೆದುಕೊಳ್ಳುತ್ತಾರೆ. ಆ ಒಂದು ಸ್ವರ ಯಾವುದು ಅಂತ ಹಿಡಿದರೆ, ಸರಿಯಾದ ಉದ್ದದ ಒಂದು ಪೈಪು ತುಂಡು, ಒಂದು ಮುಚ್ಚಳ, ಸ್ವಲ್ಪ ವೆಲ್ಡಿಂಗ್ ಸಾಕು.

ಮೊದಲು ಆ ಸ್ವರ ಎಲ್ಲಿಂದ ಬರುತ್ತದೆ ನೋಡೋಣ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕೂ ಸಿಲಿಂಡರುಗಳು ಒಂದೊಂದು ಸಲ ಉರಿಯುತ್ತವೆ. ಅಂದರೆ ಸುತ್ತಿಗೆ ಎರಡು ಸಲ. ಪ್ರತಿ ಸಲ ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಒತ್ತಡದ ಒಂದು ಹೊಡೆತ ಪೈಪಿಗೆ ನುಗ್ಗುತ್ತದೆ. ಸೆಕೆಂಡಿಗೆ ಇಂಥ ಹೊಡೆತ ಎಷ್ಟು ಅಂತ ತಿಳಿಯಲು ಆರ್‌ಪಿಎಂ, ಅಂದರೆ ನಿಮಿಷಕ್ಕೆ ತಿರುಗುವ ಸುತ್ತುಗಳನ್ನು, 30ರಿಂದ ಭಾಗಿಸಿದರೆ ಆಯಿತು. 2,700 ಆರ್‌ಪಿಎಂ ಆದರೆ ಸೆಕೆಂಡಿಗೆ 90 ಹೊಡೆತ, ಅಂದರೆ 90 ಹರ್ಟ್ಜ್. ಮೂರು ಸಿಲಿಂಡರಿನ ಕಾರಾದರೆ 40ರಿಂದ ಭಾಗಿಸಿ, ಎಂಟು ಸಿಲಿಂಡರಿನ ವಿ8 ಆದರೆ 15ರಿಂದ. ಈ ಲೇಖನದ ಉದ್ದಕ್ಕೂ ನೂರರ ವೇಗದಲ್ಲಿ 2,700 ಆರ್‌ಪಿಎಂ ಓಡುವ ನಾಲ್ಕು ಸಿಲಿಂಡರಿನ ಹ್ಯಾಚ್‌ಬ್ಯಾಕ್ ಒಂದನ್ನು ಇಟ್ಟುಕೊಳ್ಳೋಣ. ನಮ್ಮ ಸ್ವರ 90 ಹರ್ಟ್ಜ್.

ಇನ್ನು ಕಾರಿನ ಒಳಗು. ಅದೊಂದು ಮುಚ್ಚಿದ ಡಬ್ಬ. ಯಾವ ಡಬ್ಬಕ್ಕೂ ಅದರದೇ ಒಂದು ಸ್ವರ ಇರುತ್ತದೆ. ಅಲೆಯ ಅರ್ಧ ಉದ್ದ ಡಬ್ಬದ ಉದ್ದಕ್ಕೆ ಸರಿಹೊಂದಿದಾಗ ಸದ್ದು ಒಳಗೇ ನಿಂತು ಬೆಳೆಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಒಳಗಿನ ಉದ್ದ ಎರಡೂವರೆ ಮೀಟರ್ ಇದ್ದರೆ ಆ ಸ್ವರ 69 ಹರ್ಟ್ಜ್, ಎರಡು ಮೀಟರ್ ಇದ್ದರೆ 86. ಹೈವೇಯಲ್ಲಿ ಓಡುವ ಎಂಜಿನ್ನು ಹುಟ್ಟಿಸುವ ಸ್ವರವೂ ಇದರ ಆಸುಪಾಸಿನದೇ. ಎರಡೂ ಕೂಡಿಬಿಟ್ಟರೆ ಮುಗಿಯಿತು. ಹ್ಯಾಚ್‌ಬ್ಯಾಕ್, ಎಸ್‌ಯುವಿಗಳಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆ ಇಲ್ಲ. ದೊಡ್ಡ ಹಿಂಬಾಗಿಲು ಬೇರೆ ತಾನೂ ಅದುರುತ್ತದೆ.

ಈ ಡಬ್ಬದ ಸ್ವರಕ್ಕೆ ಒಂದು ಚೇಷ್ಟೆಯಿದೆ. ಒತ್ತಡ ಎರಡು ತುದಿಗಳಲ್ಲಿ ಜಾಸ್ತಿ, ನಡುವೆ ತೀರಾ ಕಡಿಮೆ. ಡ್ರೈವರ್ ತಲೆ ಇರುವುದು ಹೆಚ್ಚುಕಮ್ಮಿ ನಡುವಿನಲ್ಲಿ, ಹಿಂದೆ ಕೂತವರ ತಲೆ ಇರುವುದು ತುದಿಯಲ್ಲಿ. “ನನಗೇನೂ ಕೇಳಿಸ್ತಿಲ್ಲಪ್ಪ” ಅಂತ ಓಡಿಸುವವನೂ, “ತಲೆ ಸಿಡಿಯುತ್ತಿದೆ” ಅಂತ ಹಿಂದೆ ಕೂತ ಅಮ್ಮನೂ ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಪರೀಕ್ಷೆ ಮಾಡುವಾಗ ಸ್ಟೀರಿಂಗ್ ಬೇರೆಯವರಿಗೆ ಕೊಟ್ಟು ಹಿಂದೆ ಕೂತುಕೊಳ್ಳಿ.

ಕಂಪನಿಯ ಸೈಲೆನ್ಸರ್ ಇದ್ದಾಗ ಈ ಸಮಸ್ಯೆ ಯಾಕಿರಲಿಲ್ಲ? ಅದನ್ನು ಕೊಯ್ದು ನೋಡಿದರೆ ಗೊತ್ತಾಗುತ್ತದೆ. ಒಳಗೆ ಗೋಡೆಗಳು, ಸಣ್ಣ ದೊಡ್ಡ ಕೋಣೆಗಳು, ಹಿಂದೆ ಮುಂದೆ ತಿರುಗಿ ಬರುವ ಪೈಪುಗಳು. ಎಂಜಿನಿಯರುಗಳು ಅದೇ ಕಾರಿನ ಅದೇ ಸ್ವರಗಳನ್ನು ಹಿಡಿದು ಆ ಕೋಣೆಗಳ ಅಳತೆ ಇಟ್ಟಿರುತ್ತಾರೆ. ಹೊರಗೆ ಸಿಗುವ ಸ್ಪೋರ್ಟ್ಸ್ ಸೈಲೆನ್ಸರುಗಳಲ್ಲಿ ಬಹುಪಾಲು ನೇರ ಪೈಪಿನವು. ಮೈತುಂಬ ತೂತಿರುವ ಒಂದು ಪೈಪು, ಸುತ್ತ ಗ್ಲಾಸ್ ವುಲ್, ಮೇಲೊಂದು ಹೊಳೆಯುವ ಡಬ್ಬ. ಈ ವುಲ್ ಎತ್ತರದ ಸ್ವರಗಳನ್ನು ಚೆನ್ನಾಗಿ ಹೀರುತ್ತದೆ. ತಗ್ಗಿನ ಸ್ವರದ ಮುಂದೆ ಅದರ ಆಟ ನಡೆಯುವುದಿಲ್ಲ. ಬಿಸಿ ಹೊಗೆಯಲ್ಲಿ 90 ಹರ್ಟ್ಜ್ ಅಲೆಯ ಉದ್ದ ಐದು ಮೀಟರಿನ ಹತ್ತಿರ. ಐದು ಸೆಂಟಿಮೀಟರ್ ದಪ್ಪದ ವುಲ್ ಅದನ್ನು ಏನು ಮಾಡೀತು? ಅಂಥದ್ದೇ ಎರಡನೆಯ ಸೈಲೆನ್ಸರ್ ಸೇರಿಸಿದರೆ ಕಾರಿನ ಗತ್ತು ಹೋಗಿ ಗುಂಯ್ ಉಳಿಯುತ್ತದೆ. ಡ್ಯಾಂಪಿಂಗ್ ಶೀಟಿನದೂ ಇದೇ ಕತೆ. ಅದು ತಗಡಿನ ಅದುರಾಟ ತಗ್ಗಿಸುತ್ತದೆ. ಗಾಳಿಯಲ್ಲಿ ಬರುವ 90 ಹರ್ಟ್ಜ್ ತಡೆಯಬೇಕಾದರೆ ಕಾರಿಗೆ ಹೊರಲಾಗದಷ್ಟು ತೂಕ ಬೇಕು.

ಈಗ ಮದ್ದಿಗೆ ಬರೋಣ. ಮುಖ್ಯ ಪೈಪಿನ ಪಕ್ಕಕ್ಕೆ ಒಂದು ಕವಲು ಪೈಪು ವೆಲ್ಡ್ ಮಾಡಿ, ಅದರ ಆಚೆ ತುದಿ ಮುಚ್ಚಿಬಿಡಿ. ಹೊಗೆಗೆ ಅಲ್ಲಿ ದಾರಿ ಇಲ್ಲ, ಅದು ತನ್ನ ಪಾಡಿಗೆ ಮುಖ್ಯ ಪೈಪಿನಲ್ಲೇ ಹೋಗುತ್ತದೆ. ಒತ್ತಡದ ಅಲೆ ಮಾತ್ರ ಕವಲಿಗೂ ನುಗ್ಗುತ್ತದೆ, ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಕವಲಿನ ಉದ್ದ ಅಲೆಯ ಕಾಲುಭಾಗ ಇದ್ದರೆ ಹೋಗಿ ಬರುವ ದಾರಿ ಅಲೆಯ ಅರ್ಧಭಾಗ. ಅದು ಬಾಯಿಗೆ ಮರಳುವ ಹೊತ್ತಿಗೆ ಮುಖ್ಯ ಪೈಪಿನ ಅಲೆ ಉಲ್ಟಾ ಆಗಿರುತ್ತದೆ. ಇಲ್ಲಿ ಒತ್ತಡ ಏರಿದಾಗ ಅಲ್ಲಿಂದ ಬಂದದ್ದು ಇಳಿದಿರುತ್ತದೆ, ಇಲ್ಲಿ ಇಳಿದಾಗ ಅದು ಏರಿರುತ್ತದೆ. ಎರಡೂ ಸೇರಿ ಆ ಜಾಗದಲ್ಲಿ ಒತ್ತಡದ ಏರಿಳಿತ ಸೊನ್ನೆಯ ಹತ್ತಿರ ಬರುತ್ತದೆ. ಕವಲು ಸದ್ದನ್ನು ನುಂಗುತ್ತದೆ ಅಂತ ತಿಳಿಯಬೇಡಿ. ಆ ಒಂದು ಸ್ವರವನ್ನು ಅದು ಎಂಜಿನ್ ಕಡೆಗೇ ಹಿಂದಕ್ಕೆ ಕಳಿಸುತ್ತದೆ. ಹೊಗೆಯ ದಾರಿಗೆ ಅಡ್ಡ ಇಲ್ಲದ್ದರಿಂದ ಎಂಜಿನ್ ಉಸಿರು ಕಟ್ಟುವ ಪ್ರಶ್ನೆಯೂ ಇಲ್ಲ.

ಇದಕ್ಕೆ ಕಾಲು-ಅಲೆ ರೆಸೊನೇಟರ್ ಅನ್ನುತ್ತಾರೆ. ಜಾಗ ಉಳಿಸಲು ಬಗ್ಗಿಸಿ ಹಾಕುವುದರಿಂದ ಅಮೆರಿಕದಲ್ಲಿ ಜೆ-ಪೈಪ್ ಅಂತಲೂ ಹೆಸರಾಗಿದೆ. ಅಲ್ಲಿನ ಕೊರ್ಸಾ ಕಂಪನಿ ತನ್ನ ಸೈಲೆನ್ಸರುಗಳಲ್ಲಿ ಅಲೆಯನ್ನು ಅಲೆಯಿಂದಲೇ ಕೊಲ್ಲುವ ಇದೇ ತತ್ವವನ್ನು ಬಳಸಿ ಹೆಸರು ಮಾಡಿದೆ. ದೂರ ಯಾಕೆ, ನಿಮ್ಮ ಕಾರಿನ ಬಾನೆಟ್ ಎತ್ತಿ ನೋಡಿ. ಏರ್ ಫಿಲ್ಟರಿನ ಹೋಸ್‌ಗೆ ಅಂಟಿಕೊಂಡು, ಎಲ್ಲಿಗೂ ಹೋಗದ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬ ಬಹಳ ಕಾರುಗಳಲ್ಲಿ ಸಿಗುತ್ತದೆ. ಅದೂ ಇದೇ ಜಾತಿಯದು, ಗಾಳಿ ಎಳೆಯುವ ಕಡೆಯ ಸದ್ದಿಗೆ ಇಟ್ಟದ್ದು. ಸುಮ್ನೆ ಇದೆ ಅಂತ ಕಿತ್ತುಹಾಕಿ ಸದ್ದು ತಂದುಕೊಂಡವರು ಬಹಳ ಜನ.

ಉದ್ದದ ಲೆಕ್ಕ ಸುಲಭ. ಶಬ್ದದ ವೇಗವನ್ನು ಸ್ವರದ ನಾಲ್ಕು ಪಟ್ಟಿನಿಂದ ಭಾಗಿಸಬೇಕು, ಅಷ್ಟೆ. ಎಡವುವುದು ಶಬ್ದದ ವೇಗದಲ್ಲಿ. ಎಲ್ಲರೂ ಶಾಲೆಯಲ್ಲಿ ಕಲಿತ 343 ಹಾಕುತ್ತಾರೆ. ಅದು 20 ಡಿಗ್ರಿ ಗಾಳಿಯ ಲೆಕ್ಕ. ಬಿಸಿ ಏರಿದಂತೆ ಶಬ್ದ ವೇಗವಾಗುತ್ತದೆ. 100 ಡಿಗ್ರಿಯಲ್ಲಿ 387, 150ರಲ್ಲಿ 412, 200ರಲ್ಲಿ 436, 300ರಲ್ಲಿ 480. ಮುಖ್ಯ ಪೈಪಿನ ಹೊಗೆ ಎಷ್ಟು ಬಿಸಿಯೋ ಕವಲಿನೊಳಗಿನದು ಅಷ್ಟು ಬಿಸಿ ಇರುವುದಿಲ್ಲ, ಅಲ್ಲಿ ಹರಿವೇ ಇಲ್ಲವಲ್ಲ. ನಿಂತ ಹೊಗೆ, ಕೆಳಗೆ ಬೀಸುವ ಗಾಳಿ. ಕಾರಿನ ಹಿಂಭಾಗದಲ್ಲಿ ಹಾಕುವ ಕವಲಿಗೆ 150 ಡಿಗ್ರಿ ಇಟ್ಟುಕೊಂಡು ಶುರುಮಾಡುವುದು ಒಳ್ಳೆಯ ಊಹೆ. 412 ಭಾಗಿಸು 360. ನಮ್ಮ ಹ್ಯಾಚ್‌ಬ್ಯಾಕಿಗೆ 1.14 ಮೀಟರ್ ಉದ್ದದ ಪೈಪು ಬೇಕು.

343 ಹಾಕಿದ್ದರೆ 95 ಸೆಂಟಿಮೀಟರ್ ಬರುತ್ತಿತ್ತು. ಆ ಪೈಪು ಬಿಸಿಯಾದ ಮೇಲೆ ಕೆಲಸ ಮಾಡುವುದು 108 ಹರ್ಟ್ಜ್‌ಗೆ, ಅಂದರೆ 3,240 ಆರ್‌ಪಿಎಂನಲ್ಲಿ. ನೂರರಲ್ಲಿ ಗುಂಯ್ ಹಾಗೇ ಇರುತ್ತದೆ. “ರೆಸೊನೇಟರ್ ಹಾಕಿಸಿದೆ, ಏನೂ ಪ್ರಯೋಜನ ಇಲ್ಲ” ಅನ್ನುವವರು ಮೊದಲು ನೋಡಬೇಕಾದದ್ದು ಈ ಲೆಕ್ಕವನ್ನೇ.

ಬಿಸಿ ಒಂದೇ ಸಮ ಇರುವುದಿಲ್ಲವಲ್ಲ, ಬೇಸಿಗೆಯ ಮಧ್ಯಾಹ್ನ ಒಂದು, ಘಾಟಿ ಹತ್ತುವಾಗ ಇನ್ನೊಂದು, ಆಗ? ನಿಜ. ಕವಲು 150ರಿಂದ 200 ಡಿಗ್ರಿಗೆ ಏರಿದರೆ ಅದರ ಸ್ವರ 90ರಿಂದ 95ಕ್ಕೆ ಸರಿಯುತ್ತದೆ. ಅದಕ್ಕೇ ಕವಲಿನ ದಪ್ಪ ಮುಖ್ಯ. ಕವಲು ಮುಖ್ಯ ಪೈಪಿನಷ್ಟೇ ದಪ್ಪ ಇದ್ದರೆ, ಪುಸ್ತಕದ ಲೆಕ್ಕದಲ್ಲಿ, ಸ್ವರ ನೂರಕ್ಕೆ ಹತ್ತರಷ್ಟು ಆಚೀಚೆ ಆದರೂ ಸುಮಾರು 10 ಡೆಸಿಬೆಲ್ ಇಳಿಯುತ್ತದೆ. ನಮ್ಮ ಕಾರಿಗೆ ಅದು 2,430ರಿಂದ 2,970 ಆರ್‌ಪಿಎಂ ತನಕ. ಹೈವೇ ಓಡಾಟ ಪೂರ್ತಿ ಅದರೊಳಗೇ ಬಂತು. ಕವಲಿನ ಬಾಯಿಯ ವಿಸ್ತೀರ್ಣ ಅರ್ಧಕ್ಕೆ ಇಳಿಸಿದರೆ ಅದೇ ಆಚೀಚೆಯಲ್ಲಿ ಸಿಗುವುದು ಐದು ಡೆಸಿಬೆಲ್ ಚಿಲ್ಲರೆ. ನಿಜವಾದ ಕಾರಿನಲ್ಲಿ ಈ ಅಂಕಿಗಳು ಸ್ವಲ್ಪ ಕಡಿಮೆಯೇ ಬರುತ್ತವೆ, ಆದರೆ ಎರಡರ ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಗ್ಯಾರೇಜಿನವರು “ಒಂದೂಕಾಲು ಇಂಚಿನ ತುಂಡು ಉಳಿದಿದೆ ಸಾರ್, ಅದನ್ನೇ ಹಾಕೋಣ” ಅಂದರೆ ಒಪ್ಪಬೇಡಿ. ಎರಡು ಇಂಚಿನ ಪೈಪಿಗೆ ಎರಡು ಇಂಚಿನದೇ ಕವಲು ಕೇಳಿ.

ಎಲ್ಲಿ ಜೋಡಿಸಬೇಕು ಅನ್ನುವುದು ಉದ್ದದಷ್ಟೇ ಮುಖ್ಯ. ಪೈಪಿನ ತೆರೆದ ಬಾಯಿಯಲ್ಲಿ ಒತ್ತಡದ ಏರಿಳಿತ ಇರುವುದೇ ಇಲ್ಲ ಅನ್ನಬಹುದು, ಅಲ್ಲಿ ಹೊರಗಿನ ಗಾಳಿ ಸಿಕ್ಕಿಬಿಡುತ್ತದೆ. ಒತ್ತಡ ಇಲ್ಲದ ಕಡೆ ಕವಲು ಇಟ್ಟರೆ ಅದಕ್ಕೆ ಕೆಲಸವೇ ಇಲ್ಲ. ತೆರೆದ ಬಾಯಿಯಿಂದ ಕಾಲು ಅಲೆಯಷ್ಟು ಒಳಗೆ ಹೋದರೆ ಒತ್ತಡದ ಏರಿಳಿತ ಅತಿ ಜಾಸ್ತಿ. ಹಿಂದಿನ ಸೈಲೆನ್ಸರ್ ನೇರ ಪೈಪಿನದಾದರೆ ತಗ್ಗಿನ ಸ್ವರಕ್ಕೆ ಅದು ಇದ್ದೂ ಇಲ್ಲದ ಹಾಗೆ, ಹಾಗಾಗಿ ಅಳತೆಯನ್ನು ಟಿಪ್‌ನಿಂದಲೇ, ಅಂದರೆ ಹೊಗೆ ಹೊರಬೀಳುವ ತುದಿಯಿಂದಲೇ ಹಿಡಿಯಬಹುದು. ನಮ್ಮ ಲೆಕ್ಕಕ್ಕೆ ಸುಮಾರು 1.2 ಮೀಟರ್ ಮುಂದೆ. ಬಹಳ ಕಾರುಗಳಲ್ಲಿ ಅದು ಹಿಂದಿನ ಆ್ಯಕ್ಸಲ್ ಹತ್ತಿರ, ಸೈಲೆನ್ಸರಿಗೆ ಸ್ವಲ್ಪ ಮೊದಲು ಬರುತ್ತದೆ. ಒಂದಡಿ ಆಚೀಚೆ ಆದರೆ ಪರವಾಗಿಲ್ಲ. ಕಾಣಲು ಚೆಂದ ಅಂತ ಟಿಪ್ ಪಕ್ಕದಲ್ಲೇ ಹಾಕಿಸಿದರೆ ಕಬ್ಬಿಣ ದಂಡ.

1.14 ಮೀಟರ್ ಪೈಪಿಗೆ ಕೆಳಗೆ ಜಾಗ ಎಲ್ಲಿದೆ ಅಂತ ಕೇಳಬಹುದು. ಅದನ್ನು ನೇರವೇ ಇಡಬೇಕಾಗಿಲ್ಲ. ಬಗ್ಗಿಸಬಹುದು, ಮುಖ್ಯ ಪೈಪಿನ ಪಕ್ಕದಲ್ಲೇ ಹಿಂದಕ್ಕೆ ತಿರುಗಿಸಿ ಓಡಿಸಬಹುದು. ಉದ್ದ ಅಳೆಯುವುದು ಪೈಪಿನ ನಡುಗೆರೆಯಲ್ಲಿ, ಬೆಂಡ್ ಸೇರಿಸಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪುಗಳಿಂದ ದೂರ ಇರಲಿ. ನಮ್ಮ ಊರುಗಳ ಹಂಪುಗಳು ಗೊತ್ತಲ್ಲ, ಆ್ಯಕ್ಸಲ್‌ಗಿಂತ ಕೆಳಗೆ ಏನೂ ನೇತಾಡಬಾರದು.

ಅಷ್ಟೂ ಜಾಗ ಇಲ್ಲದಿದ್ದರೆ ಇನ್ನೊಂದು ದಾರಿ ಹೆಲ್ಮ್‌ಹೋಲ್ಟ್ಜ್ ರೆಸೊನೇಟರ್. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಜ್ ಸ್ವರಗಳನ್ನು ಬಿಡಿಸಿ ಕೇಳಲು ಕತ್ತು ಸಣ್ಣಗಿರುವ ಟೊಳ್ಳು ಗುಂಡುಗಳನ್ನು ಬಳಸುತ್ತಿದ್ದ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ ಸದ್ದೂ ಅದೇ. ಕತ್ತಿನೊಳಗಿನ ಗಾಳಿ ಒಂದು ತೂಕ, ಹೊಟ್ಟೆಯೊಳಗಿನ ಗಾಳಿ ಒಂದು ಸ್ಪ್ರಿಂಗು, ಎರಡೂ ಸೇರಿ ಒಂದೇ ಸ್ವರಕ್ಕೆ ಕುಣಿಯುತ್ತವೆ. ಕಾರಿನಲ್ಲಿ ಬಾಟಲಿಯ ಬದಲು ಸ್ಟೀಲ್ ಡಬ್ಬ, ಒಂದು ಗಿಡ್ಡ ಕತ್ತಿನ ಮೂಲಕ ಮುಖ್ಯ ಪೈಪಿಗೆ ಸೇರಿರುತ್ತದೆ. 5 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಕತ್ತು ಇಟ್ಟರೆ 90 ಹರ್ಟ್ಜ್‌ಗೆ ಏಳೆಂಟು ಲೀಟರಿನ ಡಬ್ಬ ಬೇಕು. ಕತ್ತು 3 ಸೆಂಟಿಮೀಟರಿಗೆ ಇಳಿಸಿದರೆ ನಾಲ್ಕು ಲೀಟರಿಗೂ ಕಡಿಮೆ ಸಾಕು, ಆದರೆ ಅದು ಹಿಡಿಯುವ ಆರ್‌ಪಿಎಂ ಪಟ್ಟಿಯೂ ಕಿರಿದಾಗುತ್ತದೆ. ಕತ್ತಿನ ಉದ್ದಕ್ಕೆ ಎರಡೂ ಬಾಯಿಗಳ ಹತ್ತಿರದ ಸ್ವಲ್ಪ ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು, ಇಲ್ಲಿ ತಪ್ಪುವುದು ಸುಲಭ, ಮಾಡಿದ ಮೇಲೆ ತಿದ್ದುವುದು ಕಷ್ಟ. ಮೊದಲ ಸಲ ಮಾಡಿಸುವವರಿಗೆ ನನ್ನ ಮಾತು ಉದ್ದ ಪೈಪಿನ ಕಡೆಗೇ. ಅದನ್ನು ಕತ್ತರಿಸಿ ಸರಿಮಾಡಬಹುದು.

ಇಷ್ಟೆಲ್ಲ ಮಾಡುವ ಮೊದಲು ಸದ್ದು ನಿಜಕ್ಕೂ ಎಕ್ಸಾಸ್ಟಿನದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ. ಗುಂಯ್ ಹಾಗೇ ಉಳಿದರೆ ಅದು ಟೈರೋ ವೀಲ್ ಬೇರಿಂಗೋ ಇರಬೇಕು, ಯಾಕೆಂದರೆ ಆರ್‌ಪಿಎಂ ಬದಲಾಗಿದೆ, ಚಕ್ರದ ವೇಗ ಬದಲಾಗಿಲ್ಲ. ಬೇರೆ ಗೇರಿನಲ್ಲೂ ಅದೇ 2,700ಕ್ಕೆ ಬಂದರೆ ಎಂಜಿನ್ ಕಡೆಯದು. ಆಮೇಲೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ಪೈಪನ್ನು ಕೈಯಿಂದ ಅಲ್ಲಾಡಿಸಿ. ಪೈಪನ್ನು ತೂಗುಹಾಕುವ ಹ್ಯಾಂಗರ್ ರಬ್ಬರ್ ಹರಿದಿದ್ದರೆ, ಪೈಪು ಎಲ್ಲಾದರೂ ಬಾಡಿಗೆ ತಾಗುತ್ತಿದ್ದರೆ, ಎಂಜಿನ್ ಮೌಂಟ್ ಕೂತುಹೋಗಿದ್ದರೆ ಅದುರಾಟ ಕಬ್ಬಿಣದ ಮೂಲಕವೇ ಒಳಗೆ ಬರುತ್ತದೆ. ಅದಕ್ಕೆ ಯಾವ ರೆಸೊನೇಟರೂ ಮದ್ದಲ್ಲ. ಒಂದು ರಬ್ಬರ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಪೈಪು ಕೊಯ್ಯಬೇಕಾಗಿಲ್ಲ ಅಲ್ವಾ?

ಸ್ವರ ಅಳೆಯಲು ಫೋನ್ ಸಾಕು. ಸ್ಪೆಕ್ಟ್ರಮ್, ಅಂದರೆ ಯಾವ ಸ್ವರ ಎಷ್ಟಿದೆ ಅಂತ ತೋರಿಸುವ ಆ್ಯಪ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕಿವಿಯ ಎತ್ತರಕ್ಕೆ ಹಿಡಿಯಿರಿ. ಗುಂಯ್ ಬಂದಾಗ ಎದ್ದು ನಿಲ್ಲುವ ಗೆರೆ ಎಷ್ಟು ಹರ್ಟ್ಜ್ ನೋಡಿ, ಆರ್‌ಪಿಎಂ ಭಾಗಿಸಿ ಬಂದದ್ದಕ್ಕೆ ತಾಳೆ ಮಾಡಿ. ಎರಡೂ ಕೂಡಿದರೆ ಮುಂದುವರಿಯಿರಿ. ಬರೀ ಡೆಸಿಬೆಲ್ ತೋರಿಸುವ ಆ್ಯಪ್ ನಂಬಬೇಡಿ. ಅವು ಸಾಮಾನ್ಯವಾಗಿ ‘ಎ’ ಅನ್ನುವ ಮಾಪಕದಲ್ಲಿ ಅಳೆಯುತ್ತವೆ. ನಮ್ಮ ಕಿವಿ ತಗ್ಗಿನ ಸ್ವರಕ್ಕೆ ಮಂದ ಅಂತ ಆ ಮಾಪಕ 80 ಹರ್ಟ್ಜ್‌ನಲ್ಲಿ 22 ಡೆಸಿಬೆಲ್‌ಗೂ ಜಾಸ್ತಿ ಕಳೆದುಬಿಡುತ್ತದೆ. ತಲೆ ಸಿಡಿಯುತ್ತಿರುತ್ತದೆ, ಆ್ಯಪ್ ಎಲ್ಲ ಸರಿಯಾಗಿದೆ ಅನ್ನುತ್ತಿರುತ್ತದೆ. ‘ಸಿ’ ಅಥವಾ ‘ಝಡ್’ ಮಾಪಕಕ್ಕೆ ಬದಲಿಸುವ ಅವಕಾಶ ಇದ್ದರೆ ಬದಲಿಸಿ.

ಕೆಲಸ ಮಾಡಿಸುವಾಗ ಲೆಕ್ಕಕ್ಕಿಂತ ಹತ್ತು ಸೆಂಟಿಮೀಟರ್ ಉದ್ದವೇ ಇರಿಸಿ. ಕೊನೆಗೆ ಒಂದು ಸ್ಲೀವ್, ಅದರೊಳಗೆ ಮುಚ್ಚಳ ಇರುವ ಇನ್ನೊಂದು ತುಂಡು, ಮೇಲೆ ಕ್ಲಾಂಪ್. ತುಂಡನ್ನು ಒಳಗೆ ಹೊರಗೆ ಸರಿಸಿದರೆ ಉದ್ದ ಬದಲಾಗುತ್ತದೆ. ಕಾರನ್ನು ಅರ್ಧ ಗಂಟೆ ಓಡಿಸಿ, ಪೈಪು ಪೂರ್ತಿ ಬಿಸಿಯಾದ ಮೇಲೆ ಕೇಳಿ. ಗುಂಯ್ ಮೊದಲಿಗಿಂತ ಮೇಲಿನ ಆರ್‌ಪಿಎಂಗೆ ಓಡಿದ್ದರೆ ಪೈಪು ಉದ್ದವಾಗಿದೆ, ಕೆಳಗೆ ಓಡಿದ್ದರೆ ಗಿಡ್ಡವಾಗಿದೆ. ಸರಿಸುವ ಮುಂಚೆ ತಣ್ಣಗಾಗಲು ಬಿಡಿ, ಕೈ ಸುಟ್ಟುಕೊಳ್ಳಬೇಡಿ. ಸರಿಬಂದ ಮೇಲೆ ಸುತ್ತ ವೆಲ್ಡ್. ಸೂಜಿಮೊನೆಯಷ್ಟು ಸೋರಿಕೆಯೂ ಇರಬಾರದು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ತಣ್ಣಗಿರುವ, ಹರಿವಿಲ್ಲದ ಕವಲಿನಲ್ಲಿ ಅದು ನೀರಾಗಿ ನಿಲ್ಲುತ್ತದೆ. ಒಂದು, ತುಕ್ಕು. ಎರಡು, ನೀರು ತುಂಬಿದಷ್ಟೂ ಪೈಪಿನ ಅಳತೆ ಬದಲಾಗಿ ಸ್ವರ ತಪ್ಪುತ್ತದೆ. ಮುಚ್ಚಿದ ತುದಿ ಮೇಲಿರಲಿ, ಬಾಯಿ ಕೆಳಗಿರಲಿ, ನೀರು ತಾನೇ ಮುಖ್ಯ ಪೈಪಿಗೆ ಇಳಿದು ಹೋಗುತ್ತದೆ. ಎಂಎಸ್ (ಮಾಮೂಲಿ ಉಕ್ಕಿನ) ಪೈಪು ಅಗ್ಗ, ನಿಜ. ಈ ಜಾಗಕ್ಕೆ ಮಾತ್ರ 304 ಸ್ಟೇನ್‌ಲೆಸ್ ಹಾಕಿಸಿ.

ಒಂದು ಕವಲು ಒಂದು ಸ್ವರಕ್ಕೆ ಮಾತ್ರ. 90ಕ್ಕೆ ಇಟ್ಟದ್ದು ಅದರ ಮೂರು ಪಟ್ಟು 270ಕ್ಕೂ ಕೆಲಸ ಮಾಡುತ್ತದೆ, ನಡುವಿನ 180ಕ್ಕೆ ಏನೂ ಮಾಡುವುದಿಲ್ಲ. ಊರೊಳಗೆ 1,800ರಲ್ಲಿ ಒಂದು, ಹೈವೇಯಲ್ಲಿ 2,700ರಲ್ಲಿ ಒಂದು ಗುಂಯ್ ಇದ್ದರೆ ಎರಡು ಕವಲು ಬೇಕು. ಕಷ್ಟ ಇನ್ನೂ ಜಾಸ್ತಿ ಇರುವುದು ಹೈವೇಯಲ್ಲಿ ಅರ್ಧ ಸಿಲಿಂಡರುಗಳನ್ನು ನಿಲ್ಲಿಸಿಬಿಡುವ ದೊಡ್ಡ ಎಂಜಿನ್ನುಗಳಿಗೆ. ಜನರಲ್ ಮೋಟರ್ಸ್‌ನ ವಿ8 ಒಂದು 1,500 ಆರ್‌ಪಿಎಂನಲ್ಲಿ ಎಂಟೂ ಸಿಲಿಂಡರಿನಲ್ಲಿ ಓಡಿದರೆ 100 ಹರ್ಟ್ಜ್, ನಾಲ್ಕಕ್ಕೆ ಇಳಿದೊಡನೆ 50. ಆ 50ಕ್ಕೆ ಎರಡು ಮೀಟರಿಗೂ ಉದ್ದದ ಕವಲು ಬೇಕು. ಹೋಂಡಾ ತನ್ನ ಇಂಥ ವಿ6 ಕಾರುಗಳಲ್ಲಿ ಒಳಗಿನ ಸ್ಪೀಕರುಗಳಿಂದಲೇ ಉಲ್ಟಾ ಅಲೆ ಹುಟ್ಟಿಸಿ ಗುಂಯ್ ಅಡಗಿಸಿತು. ತತ್ವ ಅದೇ, ಪೈಪಿನ ಬದಲು ಮೈಕು, ಸ್ಪೀಕರು, ಕಂಪ್ಯೂಟರು.

ಕೊನೆಗೆ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಸದ್ದಿನ ಮಿತಿ ಮೀರಿದರೆ 190(2)ರ ಕೆಳಗೆ ಹತ್ತು ಸಾವಿರದ ತನಕ ದಂಡ ಬೀಳಬಹುದು, ಜೈಲಿಗೂ ಅವಕಾಶ ಇದೆ. ಒಳಗೆ ಕೂತವರಿಗೆ ರೆಸೊನೇಟರ್ ನೆಮ್ಮದಿ ಕೊಟ್ಟರೂ ಹೊರಗಿನ ಸೈಲೆನ್ಸರನ್ನು ಅದು ಕಾನೂನುಬದ್ಧ ಮಾಡುವುದಿಲ್ಲ. ಕಾರಿನ ವಾರಂಟಿ, ಇನ್ಶೂರೆನ್ಸ್ ಬಗ್ಗೆಯೂ ಮೊದಲೇ ವಿಚಾರಿಸಿ. ಗುಂಯ್ ಹೋಗಿಸಲು ಎಲ್ಲಕ್ಕಿಂತ ಅಗ್ಗದ ದಾರಿ ಕಂಪನಿಯ ಸೈಲೆನ್ಸರನ್ನು ಮತ್ತೆ ಹಾಕುವುದೇ. ಅದನ್ನು ಗುಜರಿಗೆ ಕೊಡಬೇಡಿ. ಎಫ್‌ಸಿಗೆ ಹೋಗುವಾಗ, ಕಾರು ಮಾರುವಾಗ ಹೇಗೂ ಬೇಕಾಗುತ್ತದೆ.